ಮೂರನೆಯ ಹಾಡು

ರೇಡಿಯೋ ಕಚೇರಿಯಲ್ಲಿ ನನಗೊಂದು ಮೊಳೆ ಕೊಟ್ಟಿದ್ದರು.
ಜೋಹಾನ್ಸ್‌ಬರ್ಗ್, ಎಂಬತ್ತೆರಡು, ಚಳಿಯ ಜುಲೈ.
ಪಟ್ಟಿಯಲ್ಲಿದ್ದ ಹಾಡಿನ ಮೇಲೆ ಅಡ್ಡಡ್ಡ ಗೀಚಬೇಕು,
ಯಾರೂ ಮರೆತೂ ಹಾಕದ ಹಾಗೆ.

ಆ ತಟ್ಟೆಯ ಹೊದಿಕೆಯಲ್ಲಿ ಇಬ್ಬರು ನಗುತ್ತಿದ್ದರು:
ಕಾನ್ಸರ್ಟಿನಾ ಹಿಡಿದ ಮ್ಫನಾಫುತಿ,
ಗಿಟಾರಿನ ರೂಲಾಫ್, ನಮ್ಮ ಬೀದಿಯ ಪಾದ್ರಿಯ ಮಗ.
ಒಂದೇ ಬಸ್ಸಿನಲ್ಲಿ ಕೂರುವಂತಿಲ್ಲ;
ಒಂದೇ ಶ್ರುತಿಯಲ್ಲಿ ಕೂತಿದ್ದರು.

ಗೀಚುವ ಮೊದಲು ಒಮ್ಮೆ ಕೇಳುವುದು ನಿಯಮ.
ಜೊತೆಗೆ ಟೈಪು ಮಾಡಿದ ಅನುವಾದ, ಒಂದು ಹಾಳೆ.
ಗಣಿಗಿಳಿದವನ ಹೆಂಡತಿ ಒಲೆ ಊದುತ್ತಾಳೆ,
ಅಷ್ಟೇ ಹಾಡು. ಸರಕಾರದ ಹೆಸರೇ ಇಲ್ಲ.
ಊದುವ ಉಸಿರೇ ತಾಳ.
ಆಮೇಲೆ ಅವಳು ಊದುವುದನ್ನು ನಿಲ್ಲಿಸುತ್ತಾಳೆ.

ಗೀಚಿದೆ.
ಕೈ ನಡುಗಲಿಲ್ಲ, ಸುಳ್ಳೇಕೆ.
ಬರುವಾಗ ಕುರಿಮಾಂಸ ಕೊಂಡೆ.

ಅಂಗಡಿಯ ತಟ್ಟೆಗಳಿಗೆ ನನ್ನ ಮೊಳೆ ತಾಗಿರಲಿಲ್ಲವಲ್ಲ.
ಹಿತ್ತಿಲ ಕೋಣೆಯಲ್ಲಿ ನೊಮಾಸೊಂಟೊ
ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಾ
ಅದನ್ನೇ ಗುನುಗುತ್ತಿದ್ದಳು.
ಬಾಗಿಲಲ್ಲಿ ನನ್ನ ನೆರಳು ಬಿತ್ತು, ಗಪ್‌ಚಿಪ್.
ಕಾಲರು ಕಮರಿದ ವಾಸನೆ.

ಅವಳು ಬಿಟ್ಟಲ್ಲಿಂದ ಮುಂದಿನ ಸಾಲು
ನನ್ನ ಬಾಯಿಂದ ಬಂತು,
ನನಗೆ ಬಾರದ ಭಾಷೆಯಲ್ಲಿ.

ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು.
ತುಂಬಾ ಹೊತ್ತು ಅಂಗಿಯನ್ನೇ ನೋಡಿದಳು.
‘ಉಚ್ಚಾರ ತಪ್ಪು, ಬಾಸ್’ ಅಂದಳು.