ಮೆಣಸಿನ ಇಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ಅವನು ಕಳ್ಳನಲ್ಲ.
ಕಳ್ಳನಾದವನು ಹೆಜ್ಜೆ ಅಳಿಸಿ ಹೋಗುತ್ತಾನೆ.
ಇವನು ನಲ್ಲಿಯ ಪೈಪು ಮುರಿದು ಹೋದ ಬೆಳಿಗ್ಗೆ
ಇವನ ಹೆಜ್ಜೆಗಳಲ್ಲಿ ನಿಂತ ನೀರನ್ನು
ನನ್ನ ಕೋಳಿಮರಿಗಳು ಕುಡಿಯುತ್ತವೆ.

ಕರೀಬಾದ ಗುಡ್ಡದ ಮೇಲೆ, ಶಾಲೆಯ ಅಡುಗೆಯವಳ
ಕ್ವಾರ್ಟರ್ಸಿನ ಹಿಂದೆ
ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ
(ನನ್ನ ಹೆಜ್ಜೆ. ಅವನ ಲೆಕ್ಕಕ್ಕೆ ಎರಡು).
ಮೂವತ್ತು ಬುಡ ಕೋವೋ ಸೊಪ್ಪು,
ಸ್ವಲ್ಪ ಟೊಮೇಟೊ, ಒಂದು ಕುಂಬಳದ ಬಳ್ಳಿ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಒಪ್ಪಿದೆ;
ನಮ್ಮ ಸಾದ್ಜಾ ಮುದ್ದೆಗೆ ಮಾತ್ರ
ಬೇರೆ ಪಲ್ಯ ಇಲ್ಲ.

ಡಬ್ಬ ಬಡಿದೆ. ತನಗೆ ಮಾಡಿದ ಮರ್ಯಾದೆ ಅಂದುಕೊಂಡ.
ಟಾರ್ಚು ಬಿಟ್ಟೆ. ಬೆಳಕು ಅವನ ಮುಖ ಹುಡುಕುತ್ತಾ
ಮೊಣಕಾಲ ಹತ್ತಿರವೇ ಸುಸ್ತಾಯಿತು.
ತಂತಿ ಬೇಲಿಯನ್ನು ಮಡಚಿ
ಒಗೆದ ಬಟ್ಟೆಯ ಹಾಗೆ ಪಕ್ಕಕ್ಕಿಟ್ಟ.
ಅರಣ್ಯ ಇಲಾಖೆಯ ಹುಡುಗ ಬಂದು ಫಾರಂ ತುಂಬಿದ.
ಹಾನಿ ಏನು? ಅಂದ.
ನಾಳಿನ ಊಟ, ಅಂದೆ.
ಬರೆಯಲು ಜಾಗ ಹುಡುಕಿದ, ಸಿಗಲಿಲ್ಲ.

ಚೂಲ್ವೆಯ ಅಪ್ಪ ರಾತ್ರಿಯೆಲ್ಲ ಸರೋವರದ ಮೇಲೆ
ದೀಪ ತೋರಿಸಿ ಕಪೆಂಟಾ ಮೀನು ಕರೆಯುತ್ತಾನೆ.
ಅವನ ದೀಪಕ್ಕೆ ಬರುತ್ತವೆ.
ನನ್ನ ದೀಪಕ್ಕೆ ಯಾರೂ ಹೋಗುವುದಿಲ್ಲ.

ಆಮೇಲೆ ಬಿನಾ ಮುಟಿಂಟಾ ಕಲಿಸಿದಳು:
ಮೂಗಿಗೆ ಬಟ್ಟೆ ಕಟ್ಟಿ ಒಣಮೆಣಸು ಕುಟ್ಟು,
ಲದ್ದಿಯಲ್ಲಿ ಕಲಸು, ಬ್ರೆಡ್ಡಿನ ಅಚ್ಚಿಗೆ ಬಡಿದು ಒಣಗಿಸು,
ಸಂಜೆ ಮೂಲೆಗೊಂದು ಹಚ್ಚು.
ದನ ಇಲ್ಲದ ಊರು, ಲದ್ದಿ ಅವನದೇ ಆಗಬೇಕು.
ಅಣೆಕಟ್ಟಿನ ನೀರು ಏರಿದ ವರ್ಷ
ಕೋಳಿ ಬುಟ್ಟಿ ತಬ್ಬಿಕೊಂಡು ಲಾರಿ ಹತ್ತಿದ್ದ ಹುಡುಗಿ ಅವಳು.
"ಆನೆ ನಡೆದದ್ದೇ ದಾರಿ ಅನ್ನುತ್ತಾರಲ್ಲ,
ಆ ದಾರಿಯೂ ನಮ್ಮ ಮನೆಯ ಜೊತೆ ನೀರಡಿ ಇದೆ" ಎಂದಳು.
ಮತ್ತೆ ಮೆಣಸು ಕುಟ್ಟಿದಳು, ಬೇಕಾದ್ದಕ್ಕಿಂತ ಜೋರಾಗಿ.

ಮೊದಲ ರಾತ್ರಿ ಗಾಳಿ ತಿರುಗಿತು.
ಹೊಗೆ ನೇರ ನಮ್ಮ ಕಿಟಕಿಗೆ.
ನಾನು, ಚೂಲ್ವೆ, ಗೋಡೆಯಾಚೆಯ ಮಾಯ್ ನ್ಯಾರೈ
ಕಣ್ಣು ಮೂಗು ಒಂದಾಗಿ ಕೆಮ್ಮುತ್ತಾ ಹೊರಗೋಡಿದರೆ
ಅಲ್ಲಿ ಅವನು, ಬಾಯಲ್ಲಿ ಕುಂಬಳಕಾಯಿ,
ಇವರಿಗೇನಾಯ್ತು ಎಂಬಂತೆ ಕಿವಿ ಬೀಸಿದ.

ಎರಡನೆಯ ರಾತ್ರಿ ಗಾಳಿ ನನ್ನ ಕಡೆ.
ಆನೆ ಸೀನುವುದನ್ನು ಕೇಳಿದ್ದೀರಾ?
ತಗಡಿನ ಮಾಡು ನಡುಗಿತು. ಹೊರಟೇ ಹೋದ.

ಇಪ್ಪತ್ತು ದಿನವಾಯಿತು. ಸೊಪ್ಪು ಮಂಡಿಯುದ್ದ ಬಂದಿದೆ.
ಉಳಿದಿರುವುದು ಒಂದೇ ಇಟ್ಟಿಗೆ.
ಲದ್ದಿ ಬೇಕೆಂದರೆ ಅವನು ಬರಬೇಕು,
ಅವನು ಬಾರದಿರಲೆಂದೇ ಲದ್ದಿ ಬೇಕು.
ಬುಟ್ಟಿ ಹಿಡಿದು ರಸ್ತೆಯಲ್ಲಿ ತಿರುಗುತ್ತೇನೆ,
ಏನು ಕಳಕೊಂಡೆ ಎಂದು ಜನ ಕೇಳುತ್ತಾರೆ.

ಇವತ್ತು ಮಾಯ್ ನ್ಯಾರೈಯ ಅಂಗಳದಲ್ಲಿ ಸಿಕ್ಕಿತು.
ಒಂದು ಉಂಡೆಗೆ ಐದು ಟೊಮೇಟೊ ಕೇಳುತ್ತಾಳೆ, ನಾಚಿಕೆಯಿಲ್ಲದವಳು!
ಮೂರು ಎನ್ನುತ್ತಾ ಕೈಯಿಟ್ಟು ನೋಡಿದೆ.
ಇನ್ನೂ ಬೆಚ್ಚಗಿತ್ತು.