ಉದ್ದೇಶ: ಇತರೆ

ನೆಲಮಾಳಿಗೆಗೆ ಲಿಫ್ಟು ಇಳಿಯೋದಿಲ್ಲ.
ಸ್ಟ್ರೆಚರ್ ಉಜ್ಜಿ ಉಜ್ಜಿ ಸುಣ್ಣ ಕಿತ್ತ ಗೋಡೆ ಹಿಡಿದು ಇಳಿದೆ.
ಕಿಟಕಿ ಮೂರು. ‘ರೋಗಿಗಳ ದಾಖಲೆ.
ಊಟದ ವೇಳೆ ಒಂದರಿಂದ ಎರಡೂವರೆ.’

ಹುಡುಗ ಒಳ್ಳೆಯವನೇ. ‘ಯಾವ ವರ್ಷ ಅಜ್ಜಿ?’
ಶ್ರೀರಾಂಪುರದ ನಮ್ಮ ಗಲ್ಲಿಗೆ ನಲ್ಲಿ ಬಂದ ವರ್ಷ, ಅಂದೆ.
ಅವನ ಕಂಪ್ಯೂಟರಿನಲ್ಲಿ ಆ ವರ್ಷ ಇಲ್ಲ.

ಹೆಬ್ಬೆಟ್ಟು ಇಡಿ, ಅಂದ.
ಗಾಜು ಕೆಂಪಾಯಿತು.
ಒರೆಸಿ ಇಡಿ. ಇನ್ನೊಂದು ಕೈ. ಮತ್ತೆ ಕೆಂಪು.
ಏಳನೇ ವಯಸ್ಸಿನಿಂದ ಊದುಬತ್ತಿ ಹೊಸೆದವಳು ನಾನು,
ದಿನಕ್ಕೆ ನಾಲ್ಕು ಸಾವಿರ ಕಡ್ಡಿ.
ಮದುವೆಗೆ ಮೊದಲೇ
ಯಾರ್ಯಾರ ದೇವರ ಮುಂದೆಯೋ ಹೊಗೆಯಾಗಿ ಹೋಗಿತ್ತು
ನನ್ನ ಹೆಬ್ಬೆರಳ ಗೆರೆ.

ಹಾಗಾದ್ರೆ ಓಟಿಪಿ. ಅದು ಹೋದದ್ದು
ಮಗಳು ಯಾವಾಗಲೋ ಬರೆಸಿದ್ದ ಹಳೇ ನಂಬರಿಗೆ.
ಆ ನಂಬರೀಗ ಯಲಹಂಕದ ಕೋಳಿ ಅಂಗಡಿಯವನದು.
ನನ್ನ ಹೊಟ್ಟೆಯ ಬೀಗದಕೈ ಅವನ ಜೇಬಿನಲ್ಲಿ
ಟಿಣ್ ಅಂದಿರಬೇಕು. ಪಾಪ, ತಕ್ಕಡಿ ಹಿಡಿದಿದ್ದನೇನೋ.

ಕೊನೆಗೆ ಕಾಗದದ ಅರ್ಜಿ.
‘ಉದ್ದೇಶ: ವಿಮೆ, ನ್ಯಾಯಾಲಯ, ಇತರೆ.’
ಇತರೆಯ ಮುಂದೆ ಎರಡು ಬೆರಳಗಲ ಜಾಗ.
ಅಷ್ಟರಲ್ಲಿ ಏನು ಬರೆಯಲಿ?
ಮೂರನೇ ಹೆರಿಗೆಗೆ ಬಂದವಳು
ಇಪ್ಪತ್ತಾರಕ್ಕೇ ಮುಟ್ಟು ನಿಂತವಳಾಗಿ ಮನೆಗೆ ಹೋದೆ,
ಕೇಳಿದರೆ ‘ಜೀವ ಉಳೀತಲ್ಲಮ್ಮ’ ಅಂದರು, ಅಂತಲೇ?
‘ತಿಳಿಯಬೇಕು’ ಅಂತ ಬರೆದೆ.
ಕೆಳಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿತ ಸಹಿ:
ಮುನಿಚಿನ್ನಮ್ಮ. ಎರಡು ಒತ್ತೂ ಸಮೇತ.

ಹದಿನೇಳು ದಿನ, ನೂರು ರೂಪಾಯಿ.
ದಾರ ಕಟ್ಟಿದ ಕಡತ ಬಂತು, ಮೂಲೆ ಇಲಿ ತಿಂದಿತ್ತು.
ಎಲ್ಲ ಇದೆ. ನನ್ನ ತೂಕ, ರಕ್ತ, ಎಷ್ಟು ಹೆತ್ತೆ, ಎಷ್ಟು ಉಳಿದವು,
ಗಂಡನ ಕಸುಬು, ಜಾತಿ ಕೂಡ.
ಅಷ್ಟೆಲ್ಲ ಕೇಳಿದ್ದರು, ಹೇಳಿದ್ದೆ.
ಅವರು ಹೇಳಬೇಕಾದ್ದು ಒಂದೇ ಒಂದಿತ್ತು.

ಹುಡುಗ ಇಂಗ್ಲಿಷನ್ನು ಓದುತ್ತ ಓದುತ್ತ ನಿಂತ.
ಗರ್ಭಕೋಶ ಅನ್ನಲು ನಾಚಿ
‘ಅದು’ ಅಂದ. ‘ಅದನ್ನ ತೆಗೆದಿದಾರೆ ಅಜ್ಜಿ.
ನೀವೇ ಒಪ್ಪಿದೀರಲ್ಲ, ನೋಡಿ ಇಲ್ಲಿ.’

ಕೊನೇ ಹಾಳೆ. ನೇರಳೆ ಶಾಯಿಯ ಹೆಬ್ಬೆಟ್ಟು.
ದುಂಡಗೆ, ತುಂಬಿಕೊಂಡು,
ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ
ಒಂದೊಂದು ಗೆರೆಯೂ ಬಿಡಿಬಿಡಿ.

ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದೆ.
ಎಷ್ಟು ಚೆಂದದ ಗೆರೆ.
ಜನ್ಮದಲ್ಲಿ ಒಂದು ಕಡ್ಡಿ ಹೊಸೆಯದ ಬೆರಳು.

‘ಇದೊಂದರ ಜೆರಾಕ್ಸ್ ಕೊಡಪ್ಪ,’ ಅಂದೆ.