ಏಳನೆಯ ತೂತು

ಮೊದಲು ಆ ಕೈಗಡಿಯಾರ ಬಿಚ್ಚಿಡು, ವಿಯೋರಿಕಾ.
ಉಗುರಿನ ಬಣ್ಣ ಶನಿವಾರದೊಳಗೆ ಹೋಗಬೇಕು.
ಕಿವಿಯ ಮೂರನೇ ಚುಚ್ಚಿಗೆ ಕೂದಲು ಇಳಿಬಿಡೋಣ,
ಐನೂರು ವರ್ಷದ ಹಿಂದೆ ಇತ್ತೋ ಇಲ್ಲವೋ,
ನನ್ನ ಹತ್ತಿರ ವಾದ ಬೇಡ.

ಹಸಿರು ಮಖಮಲ್ಲಿನ ಮೇಲೆ ನಿನ್ನ ಕಣ್ಣು.
ಎಲ್ಲರದೂ ಮೊದಲು ಅಲ್ಲಿಗೇ.
ಮೂಸಿ ನೋಡು. ಅದು ನಮ್ಮೂರ ಚಿತ್ರಮಂದಿರದ ಪರದೆ,
ಬಾಗಿಲು ಹಾಕಿದ ವರ್ಷ ಹರಾಜಿನಲ್ಲಿ ತಂದದ್ದು.
ಮಡಿಕೆ ಬಿಡಿಸಿದರೆ ಇನ್ನೂ ಸಿಗರೇಟಿನ ಘಾಟು.
ಅದನ್ನು ತೊಟ್ಟು ಹನ್ನೊಂದು ಮಂದಿ
ಡ್ಯೂಕನ ಹೆಂಡತಿಯರಾಗಿ ನಡೆದಿದ್ದಾರೆ:
ಇಬ್ಬರು ನರ್ಸುಗಳು, ಅಂಚೆಯವಳು,
ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು.

ಬಟ್ಟೆ ಆರಿಸುವುದು ಕಣ್ಣಿಂದಲ್ಲ.
ಒಂದೆಳೆ ಕಿತ್ತು ಬೆಂಕಿಗೆ ಹಿಡಿ.
ಕೂದಲು ಸುಟ್ಟ ವಾಸನೆ ಬಂತೋ, ಉಣ್ಣೆ.
ಕಾಗದದಂತೆ ಉರಿದು ಬೂದಿಯಾಯಿತೋ, ನಾರು.
ಕರಗಿ ಕರಿಮಣಿಯಾಯಿತೋ,
ಮೇಲೆ ಥಳುಕು ಒಳಗೆ ಹುಳುಕು,
ಅದನ್ನು ಕಾರ್ನಿವಲ್ ಅಂಗಡಿಯವನಿಗೇ ವಾಪಸು ಕೊಡು.
ಜಿಪ್ಪು ಕಂಡರೆ ನನಗೆ ಹಲ್ಲುನೋವು.

ತೋಳು ಬೇರೆ, ರವಿಕೆ ಬೇರೆ ಇದ್ದ ಕಾಲ ಅದು.
ಹೆಗಲಲ್ಲಿ ಕಸೆ ಕಟ್ಟಿ ಕೂಡಿಸುವುದು.
ತೋಳನ್ನು ಒತ್ತೆಯಿಡುತ್ತಿದ್ದರು,
ಸಾಯುವಾಗ ಮಗಳ ಹೆಸರಿಗೆ ಬರೆಯುತ್ತಿದ್ದರು.
ನಗಬೇಡ.
ಬಸ್ಸಿನ ದುಡ್ಡಿಗೆ ನಿನ್ನಮ್ಮ ಅಲ್ಲಿ,
ಕಿಷಿನೌನಲ್ಲಿ, ಉಂಗುರ ಬಿಟ್ಟು ಬಂದಳಲ್ಲ,
ಹಾಗೇ ಅಂದುಕೋ.

ಎಲ್ಲಿ ಕಲಿತಿರಿ ಎಂದು ಕೇಳಿದೆ.
ಇಗರ್ಜಿಯ ಬಡಗಣ ಗೋಡೆಯಲ್ಲಿ.
ಪೋ ನದಿಯ ಜೌಗಿನಲ್ಲಿ ಗಾಲ್ದಿನೊ
ಬಾತುಕೋಳಿ ನೋಡುತ್ತಿದ್ದ ದುರ್ಬೀನು ಹಿಡಿದು
ಮೂವತ್ತು ಚಳಿಗಾಲ ಕತ್ತು ನೋಯಿಸಿಕೊಂಡಿದ್ದೇನೆ.
ಬಾಣಂತಿ ಮನೆ. ಕನ್ಯೆ ಮರಿಯ ಹುಟ್ಟಿದ ದಿನ.
ನೋಡಲು ಬಂದ ದೊಡ್ಡಮನೆಯ ಹೆಂಗಸರೆಲ್ಲ
ಮಗುವನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದಾರೆ.
ಜರಿಯ ಒಂದೊಂದು ಎಳೆ ಎಣಿಸಬಹುದು.
ಆದರೆ ಬೆನ್ನು?
ಬೆನ್ನು ಬರೆಸಿಕೊಳ್ಳಲು ಯಾರು ದುಡ್ಡು ಕೊಡುತ್ತಾರೆ?

ಕೆಳಗೆ ಮೂಲೆಯಲ್ಲೊಬ್ಬಳು,
ಬೋಗುಣಿಗೆ ನೀರು ಹೊಯ್ಯುತ್ತ ಬಗ್ಗಿದವಳು,
ಗೋಡೆ ತುಂಬ ಅವಳೊಬ್ಬಳೇ ನಮಗೆ ಬೆನ್ನು ಹಾಕಿದವಳು.
ಹನ್ನೆರಡು ತೂತು. ಒಂದೇ ದಾರ
ಸೊಂಟದಿಂದ ಹಾವಿನ ಹಾಗೆ ಹತ್ತಿ ಹೋಗಿದೆ.
ಏಳನೆಯದು ತಪ್ಪಿದೆ.
ನಸುಕಿನಲ್ಲಿ ಯಾರೋ ಅವಸರದಿಂದ ಬಿಗಿದಿರಬೇಕು,
ಅಥವಾ ತಾನೇ, ಕೈ ತಿರುಚಿ.
ಆ ಸಂದಿಯಲ್ಲಿ ಒಳಂಗಿಯ ಬಿಳಿ ಇಣುಕಿದೆ,
ಅಕ್ಕಿಕಾಳಿನಷ್ಟು.

ನಮ್ಮ ಕೇರಿಯ ಡ್ಯೂಕನ ಹೆಂಡತಿಯರಿಗೆಲ್ಲ
ಬೆನ್ನು ಅವಳಿಂದ ಎರವಲು.
ಮಿಕ್ಕದ್ದು ನನ್ನ ಊಹೆ.

ಇಗೋ, ಇದು ಅವಳ ಉಡುಪು.
ಮಂಜಿಷ್ಠದ ಕೆಂಪು, ಬಿಸಿಲಿಗೆ ಇಟ್ಟಿಗೆಯಾಗಿದೆ.
ಉಣ್ಣೆ ಒರಟು, ಮೇ ತಿಂಗಳಲ್ಲಿ ಕಚ್ಚುತ್ತದೆ.
ಇಡೀ ಕಪಾಟಿನಲ್ಲಿ ನಾನು ಆಣೆಯಿಟ್ಟು
ನಿಜ ಎನ್ನಬಹುದಾದದ್ದು ಇದೊಂದೇ.
ಇದುವರೆಗೆ ಯಾರೂ ಕೇಳಿಲ್ಲ.

ಮುಖ ಯಾಕೆ ಬಾಡಿತು?
ಓ.
ನಿನ್ನಮ್ಮ ದಿನಾ ಬೋಗುಣಿ ಹಿಡಿಯುತ್ತಾಳೆ,
ಮುದುಕಿ ಫೊಸ್ಕಾಳ ಮಂಚದ ಪಕ್ಕ.
ಅದಕ್ಕೇ ನಿನಗಿದು ಎಂದುಕೊಂಡೆಯಾ?
ಮೂವತ್ತು ವರ್ಷ ಬಟ್ಟೆ ನೋಡಿದ ಕಣ್ಣಿದು,
ಮನುಷ್ಯರನ್ನು ನೋಡುವಾಗ ಎಡವುತ್ತದೆ.

ಸರಿ, ಮಖಮಲ್ಲನ್ನೇ ತೊಡು. ತಿರುಗಿ ನಿಲ್ಲು.
ಈ ಪರದೆ ನಿನ್ನ ಹೆಗಲ ಮೇಲೆ
ಈಗಷ್ಟೇ ಎದ್ದಂತಿದೆ.
ಎರಡು, ಮೂರು. ಅಲುಗಬೇಡ. ಐದು.

ಏನಂದೆ?
ಏಳನೆಯದನ್ನು ಬಿಡಬೇಕೆ?
ತೀರ್ಪುಗಾರರು ಅಂಕ ಕಡಿಯುತ್ತಾರೆ, ಹುಡುಗಿ.
ಇಲ್ಲ, ಅವರು ಕೂರುವುದು ಮುಂದುಗಡೆ.
ಹಿಂದೆ ನಡೆಯುವವಳು ನಾನೊಬ್ಬಳೇ,
ಬಾಯಲ್ಲಿ ಸೂಜಿ ಕಚ್ಚಿಕೊಂಡು.

ಬಿಟ್ಟೆ.
ಉಸಿರು ಒಳಗೆಳೆದುಕೋ. ಎಂಟು.